ತೀರ್ಥಪ್ಪ ಮೇಷ್ಟ್ರು ಹೊಡೆದುಹಾಕಿದ ಪುಟ

ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದು 'ತೀರ್ಥಪ್ಪನವರ ಮನೆ ಎಲ್ಲಿ' ಎಂದು ಕೇಳಿದರೆ 'ಯಾವ ತೀರ್ಥಪ್ಪ?' ಎನ್ನುತ್ತಿದ್ದರು. ಗಿರಣಿ ತೀರ್ಥಪ್ಪ, ಅಂಗಡಿ ತೀರ್ಥಪ್ಪ, ಕೆರೆಕೋಡಿ ತೀರ್ಥಪ್ಪ, ಒಬ್ಬರೇ ಇಬ್ಬರೇ! ಆದರೆ 'ಕಂಡಿದ್ದಾ ಕೇಳಿದ್ದಾ ಮೇಷ್ಟ್ರು' ಎಂದುಬಿಟ್ಟರೆ ಮುಗಿಯಿತು, ಜಟಕಾ ಗಾಡಿಯವನೂ ನಗುತ್ತಾ ಮಲ್ಲೇನಕಟ್ಟೆ ದಾರಿಗೆ ಕೈ ತೋರಿಸುತ್ತಿದ್ದ.

ಆ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಒಮ್ಮೆ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದಾಗ ಯಾರೋ ಓಡಿಬಂದು, "ಮೇಷ್ಟ್ರೇ, ಬುಕ್ಕಾಂಬುಧಿ ಕೆರೆ ಕೋಡಿ ಬಿತ್ತು!" ಎಂದ.

"ಕಂಡಿದ್ದಾ, ಕೇಳಿದ್ದಾ?"

"ಕೇಳಿದ್ದು ಕಣ್ರೀ. ಬಸ್ಸಿನೋರು ಹೇಳಿದ್ರು."

"ಹಂಗಾರೆ ಇನ್ನೂ ಬಿದ್ದಿಲ್ಲ. ನನ್ ಸೈಕಲ್ ತಗಂಡೋಗು, ನೋಡ್ಕಂಡು ಬಾ, ಆಮೇಲೆ ಕೋಡಿ ಬೀಳ್ಲಿ."

ಆ ಪುಣ್ಯಾತ್ಮ ನಿಜಕ್ಕೂ ಸೈಕಲ್ ಹತ್ತಿ ಹೋಗಿ ನೋಡಿಕೊಂಡು ಬಂದ. ಕೆರೆಗೆ ಇನ್ನೂ ಮೊಳಕಾಲುದ್ದ ನೀರು ಬೇಕಾಗಿತ್ತು. ಅಂದಿನಿಂದ ಹೈಸ್ಕೂಲಿನ ಹುಡುಗರಿಂದ ಹಿಡಿದು ಕಾಯಿ ಮಂಡಿಯವರವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು.

ತೀರ್ಥಪ್ಪ ಮೇಷ್ಟ್ರು ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದರು. ಎಪ್ಪತ್ತರ ದಶಕದ ನಡುವೆ ಜಿಲ್ಲೆಯ ಉಪಾಧ್ಯಾಯರು ಕೆಲವರು ಸೇರಿ ಮಕ್ಕಳಿಗಾಗಿ 'ನಮ್ಮೂರ ಚರಿತ್ರೆ' ಎಂಬ ಸ್ಪರ್ಧೆ ಶುರು ಮಾಡಿದರು. ಹುಡುಗರು ತಮ್ಮ ಊರಿನ ಚರಿತ್ರೆಯನ್ನು ತಾವೇ ಹುಡುಕಿ, ಕೇಳಿ, ಬರೆದು ತರಬೇಕು. ಮೊದಲು ತರೀಕೆರೆಯಲ್ಲಿ, ಅಲ್ಲಿ ಗೆದ್ದವರಿಗೆ ಕಡೂರಿನಲ್ಲಿ. ಬೇರೆ ಶಾಲೆಯ ಮಕ್ಕಳು ರಾಜರ ಹೆಸರು, ಯುದ್ಧದ ಇಸವಿ ಬರೆದುಕೊಂಡು ಹೋಗುತ್ತಿದ್ದರು. ತೀರ್ಥಪ್ಪ ಮೇಷ್ಟ್ರ ಮಕ್ಕಳು ಹಾಗಲ್ಲ! ಸೇದುಬಾವಿಯನ್ನು ಯಾರು ತೋಡಿಸಿದರು, ಕುರಿ ಸಂತೆ ಯಾಕೆ ನಿಂತುಹೋಯಿತು, ಊರಿಗೆ ಮೊದಲ ಹೊಲಿಗೆ ಮಿಷನ್ನು ಹೇಗೆ ಬಂತು ಎಂದೆಲ್ಲ ಹುಡುಕಿಕೊಂಡು ಅಜ್ಜ ಅಜ್ಜಿಯರ ಜಗಲಿ ಹತ್ತುತ್ತಿದ್ದರು.

ಹೇಗೆ ಕೇಳಬೇಕು ಎನ್ನುವುದನ್ನೇ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಿದ್ದರು. ಹೌದು, ಇಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಕೇಳಬಾರದು. ಅಜ್ಜಿ ಸುಮ್ಮನಾದರೆ ನೀವೂ ಸುಮ್ಮನಿರಬೇಕು. ಒಬ್ಬರು ಹೇಳಿದ್ದನ್ನು ಎದುರು ಮನೆಯವರನ್ನೂ ಕೇಳಬೇಕು. ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂದು ಬೇರೆ ಮಾಡಬೇಕು. ಮಾತಾಡುವಾಗ ತಡವರಿಸುತ್ತಿದ್ದ ಹುಡುಗನೊಬ್ಬ ಈ ಕೆಲಸಕ್ಕೆ ಬಿದ್ದು, ಮುಂದೆ ಬಸ್ ಕಂಡಕ್ಟರಾಗಿ ಇಡೀ ಬಸ್ಸನ್ನೇ ಮಾತಾಡಿಸುವ ಹಾಗಾದ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಮೇಷ್ಟ್ರು ಅದನ್ನು 'ಒಪ್ಪಿಸೋದು' ಎನ್ನುತ್ತಿದ್ದರು. ಬರೆದದ್ದು ಸ್ಪರ್ಧೆಗೆ ಹೋಗುವ ಮೊದಲು, ಅದನ್ನು ಹೇಳಿದ ಮುದುಕ ಮುದುಕಿಯರನ್ನೆಲ್ಲ ಊರ ಚಾವಡಿಯಲ್ಲಿ ಮುಂದಿನ ಸಾಲಿನ ಚಾಪೆಯ ಮೇಲೆ ಕೂರಿಸಿ, ಅವರೆದುರು ಗಟ್ಟಿಯಾಗಿ ಓದಬೇಕು. ಒಂದೊಂದು ಪುಟಕ್ಕೂ ಅದನ್ನು ಹೇಳಿದವರು 'ಐತೆ' ಎನ್ನಬೇಕು. 'ಐತೆ' ಅನ್ನಿಸಿಕೊಳ್ಳದ ಪುಟ ಊರು ಬಿಟ್ಟು ಹೋಗುವ ಹಾಗಿಲ್ಲ.

"ಅವರ ಬದುಕು ಕಣ್ರೋ ಅದು. ನೀವು ಕೈಗಡ ಇಸ್ಕಂಡಿದ್ದೀರ ಅಷ್ಟೆ," ಎನ್ನುತ್ತಿದ್ದರು.

ಇಷ್ಟೆಲ್ಲ ಆದರೂ ಕಡೂರಿನಲ್ಲಿ ಮೊದಲನೇ ಬಹುಮಾನ ಮಾತ್ರ ಅವರ ಮಕ್ಕಳಿಗೆ ಒಮ್ಮೆಯೂ ಬಂದಿರಲಿಲ್ಲ. ಎಪ್ಪತ್ತೊಂಬತ್ತನೇ ಇಸವಿ ಬಂತು. ಮೇಷ್ಟ್ರಿಗೆ ಅದೇ ಕೊನೆಯ ವರ್ಷ, ಆಮೇಲೆ ನಿವೃತ್ತಿ.

ಆ ವರ್ಷ ಕೈಗೆ ಸಿಕ್ಕವಳು ಪಂಕಜಾಕ್ಷಿ. ಮೇಷ್ಟ್ರ ಊರು ಮಲ್ಲೇನಕಟ್ಟೆಯವಳೇ, ತೆಂಗಿನಕಾಯಿ ವ್ಯಾಪಾರದ ಬಸವರಾಜಪ್ಪನ ಮಗಳು, ಹತ್ತನೇ ಕ್ಲಾಸು. ಒಂದು ದಿನ ಪಾಠ ಮುಗಿದ ಮೇಲೆ ಬಂದು ನಿಂತಳು.

"ಸಾರ್, ನಮ್ಮೂರ ಆಚೆ ಗುಡ್ಲುಹೊಲ ಅಂತಾರಲ್ಲ, ಅಲ್ಲಿ ಒಂದೂ ಗುಡ್ಲು ಇಲ್ಲ. ಮತ್ಯಾಕೆ ಹಂಗಂತಾರೆ?"

ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟು ನಕ್ಕುಬಿಟ್ಟರು. "ಭಲೇ ಹುಡುಗಿ! ಪಿಳೇಗಿನ ವರ್ಷ ಊರಿಗೆ ಊರೇ ಅಲ್ಲಿ ಗುಡ್ಲು ಹಾಕ್ಕಂಡಿತ್ತು ಕಣೇ. ಇದನ್ನೇ ತಗ. ಮೊದ್ಲು ನಮ್ಮವ್ವನ್ನ ಕೇಳು."

ಅವರ ಅವ್ವ ಭಾಗಮ್ಮನಿಗೆ ಆಗ ಎಪ್ಪತ್ತೈದರ ಮೇಲೆ. ಪ್ಲೇಗು ಬಂದಾಗ ಮೇಷ್ಟ್ರು ಇನ್ನೂ ಮೊಲೆ ಕುಡಿಯುವ ಕೂಸು. ಮನೆಯಲ್ಲಿ ಇಲಿ ಬಿತ್ತು, ಅಪ್ಪ ಹೋದ, ಊರವರು ಹೊಲಕ್ಕೆ ಎದ್ದರು, ಅಲ್ಲಿ ಗುಡ್ಲಿನಲ್ಲಿ ಅಕ್ಕ ಹಾಲಮ್ಮ ಹೋದಳು. ಮೇಷ್ಟ್ರಿಗೆ ಗೊತ್ತಿದ್ದದ್ದು ಇಷ್ಟೇ. "ನನ್ ತೊಡೆ ಮೇಲೇ ಪ್ರಾಣ ಬಿಡ್ತು ಕೂಸು," ಎಂದು ಅವ್ವ ಹೇಳುತ್ತಿದ್ದಳು. ಹೊಲದ ಬದುವಿನಲ್ಲಿ ಹಾಲಮ್ಮನದೆಂದು ಒಂದು ಸಣ್ಣ ಕಲ್ಲು. ಪ್ರತಿ ಮಾರ್ನೋಮಿಗೂ ಅವ್ವ ಅಲ್ಲಿಗೆ ಕಾಯಿಹಾಲಿನ ಪಾಯಸ ಒಯ್ದು ಎಡೆ ಇಟ್ಟು ಬರುತ್ತಿದ್ದಳು. ಮೇಷ್ಟ್ರು ಜೊತೆಗೆ ಹೋಗಿ ಕೈ ಮುಗಿಯುತ್ತಿದ್ದರು.

ಪಂಕಜಾಕ್ಷಿ ಆ ಮಳೆಗಾಲವೆಲ್ಲ ಊರಿನ ಹಳೆಯ ತಲೆಗಳ ಹಿಂದೆ ಬಿದ್ದಳು. ಅವಳ ಕೆಲಸ ಎಂಥಾ ಚೆಂದ ಅಂತೀರಿ! ಗುಡ್ಲುಹೊಲದಲ್ಲಿ ಯಾರ ಗುಡ್ಲು ಎಲ್ಲಿತ್ತು, ಒಂದೊಂದರಲ್ಲಿ ಯಾರು ಯಾರಿದ್ದರು ಎಂದು ಕೇಳಿ ಕೇಳಿ ದೊಡ್ಡದೊಂದು ನಕ್ಷೆ ಬರೆದಳು. ಇಬ್ಬರ ಮಾತು ಕೂಡದ ಕಡೆ ಮೂರನೆಯವರನ್ನು ಕೇಳಿ ಸರಿ ಮಾಡಿದಳು. ಭಾಗಮ್ಮನ ಹತ್ತಿರವಂತೂ ಬಹಳ ಸಲ ಬಂದಳು. ಮೇಷ್ಟ್ರು ಸ್ಕೂಲಿನಿಂದ ಬರುವಷ್ಟರಲ್ಲಿ ಇಬ್ಬರೂ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದರು. ಇವರನ್ನು ಕಂಡೊಡನೆ ಮಾತು ನಿಲ್ಲುತ್ತಿತ್ತು.

"ಏನ್ ನಡೀತೈತೆ ಅಜ್ಜಿ ಮೊಮ್ಮಗಳದ್ದು?"

"ಹೆಂಗಸ್ರ ಮಾತು ನಿಂಗ್ಯಾಕೋ, ಹೋಗಿ ಕಾಲ್ ತೊಳ್ಕ," ಎಂದು ಅವ್ವ ಗದರುತ್ತಿದ್ದಳು.

ನವೆಂಬರಿನಲ್ಲಿ ಪಂಕಜಾಕ್ಷಿ ಬರೆದದ್ದನ್ನು ತಂದುಕೊಟ್ಟಳು. ಕಾಗುಣಿತ ತಿದ್ದಲು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕೂತು ಓದತೊಡಗಿದರು. ಓದುತ್ತಾ ಓದುತ್ತಾ ಅವರಿಗೆ ಹಿಗ್ಗೋ ಹಿಗ್ಗು. ಮೊದಲನೇ ಬಹುಮಾನ ಕಣ್ಣೆದುರು ಕುಣಿಯಿತು. ಅಷ್ಟರಲ್ಲಿ ಗುಡ್ಲುಗಳ ನಕ್ಷೆಯ ಮುಂದಿನ ಪುಟ ಬಂತು.

ಕುರುಬರ ಕರಿಯಮ್ಮನ ಮಾತು ಅದು. ಆಗ ಕರಿಯಮ್ಮ ಎಂಟು ವರ್ಷದ ಹುಡುಗಿ, ಭಾಗಮ್ಮನ ಪಕ್ಕದ ಗುಡ್ಲು ಅವರದೇ. 'ಭಾಗಮ್ಮನ ಗುಡ್ಲಿನಲ್ಲಿ ಇದ್ದವರು ಭಾಗಮ್ಮ ಮತ್ತು ಕೂಸು ಇಬ್ಬರೇ. ಹಾಲಮ್ಮ ಗುಡ್ಲಿಗೆ ಬರಲೇ ಇಲ್ಲ. ಪ್ಲೇಗಿನ ಗಡ್ಡೆ ಎದ್ದವರನ್ನು ಹೊಲಕ್ಕೆ ತರಬಾರದು ಎಂದು ಹಿರಿಯರು ಕಟ್ಟು ಮಾಡಿದ್ದರು. ಹಾಲಮ್ಮನಿಗೆ ಆಗಲೇ ಗಡ್ಡೆ ಎದ್ದಿತ್ತು. ಒಂದು ಬಿಂದಿಗೆ ನೀರು, ರೊಟ್ಟಿ ಇಟ್ಟು ಅವಳನ್ನು ಮನೆಯಲ್ಲೇ ಬಿಟ್ಟು ಬಂದರು. ಊರ ಬಾಗಿಲಿಗೆ ಮುಳ್ಳುಬೇಲಿ ಹಾಕಿದರು. ತಿರುಗಿ ಊರಿಗೆ ಹೋಗುವ ಮುಂಚೆ ಆ ಮನೆಗೆ ಬೆಂಕಿ ಇಟ್ಟರು.'

ಮೇಷ್ಟ್ರು ಅದನ್ನೇ ಮತ್ತೆ ಓದಿದರು. ಹಾಗಾದರೆ ಬದುವಿನ ಕಲ್ಲಿನ ಕೆಳಗೆ ಯಾರೂ ಇಲ್ಲ. ಅವ್ವ ಒಂದು ಮಗುವನ್ನು ಬಿಟ್ಟು ಒಂದನ್ನು ಎತ್ತಿಕೊಂಡು ಹೊರಟಿದ್ದಳು. ಎತ್ತಿಕೊಂಡದ್ದು ತನ್ನನ್ನು.

ಪುಟ ತಿರುಗಿಸುವುದಕ್ಕೆ ಅವರ ಕೈ ಏಳಲಿಲ್ಲ. ಕೆಂಪು ಶಾಯಿಯ ಪೆನ್ನು ತೆಗೆದು ಮೇಲಿನಿಂದ ಕೆಳಗಿನವರೆಗೆ ಅಡ್ಡಗೀಟು ಎಳೆದರು. ಪಂಕಜಾಕ್ಷಿಯನ್ನು ಕರೆಸಿದರು.

"ಇದನ್ನ ಬಿಟ್ಬಿಡು. ಮುಂದಿನ ಪುಟದಲ್ಲಿ ಹಾಲಮ್ಮಂದು ಏನಿದ್ರೂ ಅದನ್ನೂ ಬಿಡು."

ಹುಡುಗಿ ಬಿಳಚಿಕೊಂಡಳು. "ಸಾರ್, ಅದು..."

"ಒಬ್ಬರ ಮಾತು ಸಾಲ್ದು ಅಂತ ಎಷ್ಟು ಸಲ ಹೇಳಿದ್ದೀನಿ?"

"ಒಬ್ರಲ್ಲ ಸಾರ್, ಇಬ್ರು. ಇನ್ನೊಬ್ರು..."

ಮೇಷ್ಟ್ರು ಕೈ ಅಡ್ಡ ಹಿಡಿದರು. "ಇಬ್ರಲ್ಲ, ಹತ್ತು ಜನ ಹೇಳ್ಲಿ. ನಮ್ಮವ್ವ ಮುಂದಿನ ಸಾಲಲ್ಲಿ ಕೂತಿರ್ತಾಳೆ ಕಣಮ್ಮ. ಅವಳ ಮುಂದೆ ಇದನ್ನ ಓದ್ತೀಯಾ? ಹೋಗು."

ಕಂಡಿದ್ದಾ, ಕೇಳಿದ್ದಾ ಎಂದು ಊರನ್ನೆಲ್ಲ ಕೇಳುತ್ತಿದ್ದವರು ಆ ಇನ್ನೊಬ್ಬರು ಯಾರು ಎಂದು ಕೇಳಲಿಲ್ಲ. ಪಂಕಜಾಕ್ಷಿ ತುಟಿ ಕಚ್ಚಿಕೊಂಡು ಹಾಳೆಗಳನ್ನು ಎತ್ತಿಕೊಂಡು ಹೋದಳು.

ಮುಂದಿನ ಭಾನುವಾರ ಚಾವಡಿಯಲ್ಲಿ ಒಪ್ಪಿಸುವ ದಿನ. ಮನೆ ಬಿಟ್ಟು ಎಲ್ಲಿಗೂ ಹೋಗದ ಭಾಗಮ್ಮ ಅಂದು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ತಲೆಗೆ ನೀರು ಹಾಕಿಕೊಂಡು, ಹಣೆ ತುಂಬ ವಿಭೂತಿ ಧರಿಸಿ, ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ಮಗನ ಕೊನೆಯ ವರ್ಷವೆಂದು ಸಂಭ್ರಮ ಇರಬೇಕು ಎಂದುಕೊಂಡು ಮೇಷ್ಟ್ರಿಗೆ ಎದೆ ತುಂಬಿಬಂತು. ಆ ಪುಟ ತೆಗೆಸಿದ್ದು ಎಷ್ಟು ಒಳ್ಳೆಯದಾಯಿತು ಎಂದೂ ಅನ್ನಿಸಿತು.

ಪಂಕಜಾಕ್ಷಿ ಓದಿದಳು. ಇಲಿ ಬಿದ್ದ ಕತೆಗೆ ಹನುಮಂತಪ್ಪಜ್ಜ "ಐತೆ" ಎಂದ. ಸೂಜಿ ಚುಚ್ಚಲು ಬಂದ ಡಾಕ್ಟರನ್ನು ಕಂಡು ಊರ ಗಂಡಸರು ಜೋಳದ ಹೊಲದಲ್ಲಿ ಅವಿತುಕೊಂಡ ಕತೆಗೆ ಚಾವಡಿಯೇ ನಕ್ಕಿತು. "ಐತೆ ಐತೆ! ನಮ್ಮಪ್ಪನೂ ಅವಿತ್ಕಂಡಿದ್ದ," ಎಂದು ಒಬ್ಬ ಮುದುಕ ಕೈ ಎತ್ತಿದ. ಆಮೇಲೆ ಗುಡ್ಲುಗಳ ನಕ್ಷೆ ಬಂತು. ಭಾಗಮ್ಮ ಬೆನ್ನು ನೆಟ್ಟಗೆ ಮಾಡಿ, ಸೆರಗು ಹೊದ್ದು, ಎರಡೂ ಕೈ ತೊಡೆಯ ಮೇಲೆ ಬಿಗಿಯಾಗಿ ಇಟ್ಟುಕೊಂಡಳು.

"ಭಾಗಮ್ಮನವರ ಗುಡ್ಲು ಬೇವಿನ ಮರದ ಬಲಗಡೆ ಇತ್ತು," ಎಂದು ಪಂಕಜಾಕ್ಷಿ ಓದಿದಳು. ಒಂದು ಗಳಿಗೆ ನಿಂತಳು. ಮೇಷ್ಟ್ರ ಮುಖ ನೋಡಿದಳು. ಮುಂದಿನ ಗುಡ್ಲಿಗೆ ಹೋದಳು.

ಓದಿ ಮುಗಿಯುವವರೆಗೂ ಭಾಗಮ್ಮ ಹಾಗೇ ಕೂತಿದ್ದಳು. ಎಲ್ಲರ ಒಪ್ಪಿಗೆ ಆದ ಮೇಲೆ ಪಂಕಜಾಕ್ಷಿ ಸಣ್ಣ ದನಿಯಲ್ಲಿ ಕೇಳಿದಳು: "ಅಜ್ಜಿ... ಐತಾ?"

ಭಾಗಮ್ಮ ಸುತ್ತ ಒಮ್ಮೆ ನೋಡಿದಳು. ಪಕ್ಕದಲ್ಲಿದ್ದ ಕರಿಯಮ್ಮ ತಲೆ ತಗ್ಗಿಸಿದಳು.

"ಓದಿದ್ದೆಲ್ಲ ಐತೆ," ಎಂದಳು ಭಾಗಮ್ಮ.

ಸಂಜೆ ಮೇಷ್ಟ್ರು ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರು. ಅವ್ವ ಇನ್ನೂ ಆ ಸೀರೆಯಲ್ಲೇ ಬಂದು ಕಂಬಕ್ಕೆ ಒರಗಿ ಕೂತಳು.

"ಹಾಲಮ್ಮನ ಹೆಸ್ರು ಬರ್ಲೇ ಇಲ್ವಲ್ಲೋ ತೀರ್ಥ."

ಮೇಷ್ಟ್ರು ಲೋಟ ಕೆಳಗಿಟ್ಟರು. "ಅವ್ವಾ?"

"ನಾನು ಆ ಹುಡುಗಿಗೆ ಹೇಳಿದ್ದೆ. ಎಲ್ಲಾ ಹೇಳಿದ್ದೆ. ಅದು ಹೆದರ್ಸಿ ಕೇಳ್ಲಿಲ್ಲ ಕಣಪ್ಪಾ. ಹೆಂಗೆ ಸತ್ಲು ಅಂತ ಕೇಳ್ಲಿಲ್ಲ. 'ಹಾಲಮ್ಮ ಹೆಂಗಿದ್ಲು ಅಜ್ಜಿ' ಅಂತು. ಇಷ್ಟು ವರ್ಷದಾಗೆ ಒಬ್ರೂ ಕೇಳಿರ್ಲಿಲ್ಲ, ನನ್ ಮಗಳು ಹೆಂಗಿದ್ಲು ಅಂತ."

ಒಳಗಿನಿಂದ ಬಂದ ಮೇಷ್ಟ್ರ ಹೆಂಡತಿ ವಿಮಲಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ನಿನ್ ಎದ್ರಿಗೆ ಹೇಳಾಕೆ ನನ್ ಕೈಲಿ ಆಗ್ತಿರ್ಲಿಲ್ಲ. ನಿನ್ನ ಎತ್ಕಂಡು ಅವಳನ್ನ ಬಿಟ್ ಬಂದೋಳು ನಿಂಗೇ ಹೆಂಗೋ ಹೇಳ್ಲಿ? ಅದಕ್ಕೇ ಆ ಹುಡುಗೀಗೆ, ನೀನೇ ಓದ್ಬಿಡವ್ವ, ಚಾವಡೀಲಿ ಎಲ್ರ ಮುಂದೂ ಹಾಲಮ್ಮ ಅಂತ ಅವಳ ಹೆಸ್ರು ಹಿಡ್ದು ಓದ್ಬಿಡು, ನಾನು ಐತೆ ಅಂತೀನಿ ಅಂದಿದ್ದೆ. ಅದಕ್ಕೇ ಹೋಗಿ ಕೂತಿದ್ದೆ."

"ನಾನೇ ಹೊಡ್ದಾಕ್ದೆ ಅವ್ವ," ಎಂದರು ಮೇಷ್ಟ್ರು. "ಕರಿಯಮ್ಮನ ಮಾತಷ್ಟೇ ಓದ್ದೆ. ಮುಂದಕ್ಕೆ ನೋಡ್ಲಿಲ್ಲ. ನಿಂಗೆ ಸಂಕ್ಟ ಆಯ್ತದೆ ಅಂತ..."

"ನನ್ನ ಒಂದ್ ಮಾತು ಕೇಳ್ದ್ಯಾ?"

ಮೇಷ್ಟ್ರು ಅವ್ವನ ಕಾಲ ಬಳಿ ಬಂದು ಕೂತರು. "ಬರೋ ಭಾನುವಾರ ಮತ್ತೆ ಓದ್ಸ್ತೀನಿ ಅವ್ವ. ಎಲ್ರನ್ನೂ ಕರೀತೀನಿ. ನಾನೇ ಓದ್ತೀನಿ."

"ಬ್ಯಾಡ." ಅವ್ವ ಅವರ ತಲೆಯ ಮೇಲೆ ಕೈ ಇಟ್ಟಳು. ಆದರೆ ಮುಖ ನೋಡಲಿಲ್ಲ. "ಒಂದ್ಸಲ ಎದೆ ಗಟ್ಟಿ ಮಾಡ್ಕಂಡು ಕೂತಿದ್ದೆ ಕಣಪ್ಪಾ. ಇನ್ನೊಂದ್ಸಲ ಆಗಕಿಲ್ಲ. ಬಿಟ್ಬಿಡು."

ಮರುದಿನ ಮೇಷ್ಟ್ರು ಪಂಕಜಾಕ್ಷಿಯ ಮನೆಗೇ ಹೋದರು. ಆ ಪುಟಗಳನ್ನು ಮತ್ತೆ ಸೇರಿಸು ಎಂದರು. ಹುಡುಗಿ ಅಳುತ್ತಾ ಹೇಳಿದಳು: "ಬೆಳಿಗ್ಗೆ ಅಜ್ಜಿ ಕರೆಸಿದ್ರು ಸಾರ್. ಸೇರಿಸ್ಬ್ಯಾಡ, ಒಲೆಗೆ ಹಾಕು ಅಂದ್ರು. ಅವ್ರ ಮುಂದೇನೇ ಹಾಕ್ದೆ."

ತರೀಕೆರೆಯಲ್ಲಿ ಪಂಕಜಾಕ್ಷಿ ಸುಲಭವಾಗಿ ಗೆದ್ದಳು. ಕಡೂರಿಗೆ ಅವಳನ್ನು ರೈಲಿನಲ್ಲಿ ಮೇಷ್ಟ್ರೇ ಕರೆದುಕೊಂಡು ಹೋದರು. ಅಲ್ಲಿ ಹಾಲ್ ತುಂಬ ಜನ. ಅವಳು ಓದಿ ಮುಗಿಸಿದ ಮೇಲೆ ವಯಸ್ಸಾದ ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಕೇಳಿದರು:

"ಬಹಳ ಚೆನ್ನಾಗಿದೆಯಮ್ಮ. ಒಂದು ಪ್ರಶ್ನೆ. ಗುಡ್ಲಿಗೆ ಬರಲಾರದೆ ಊರೊಳಗೇ ಉಳಿದವರು ಯಾರೂ ಇರಲಿಲ್ಲವಾ?"

ಕೊನೆಯ ಬೆಂಚಿನಲ್ಲಿದ್ದ ಮೇಷ್ಟ್ರು ಮುಂದಕ್ಕೆ ಬಾಗಿದರು.

"ಇದ್ರು ಸಾರ್," ಎಂದಳು ಪಂಕಜಾಕ್ಷಿ. "ಆದ್ರೆ ಅದನ್ನ ಹೇಳಿದೋರು ಒಪ್ಪಿಗೆ ಕೊಟ್ಟಿಲ್ಲ. ಒಪ್ಪದೇ ಇರೋದನ್ನ ನಾವು ಊರು ದಾಟ್ಸಲ್ಲ."

ತೀರ್ಪುಗಾರರ ಮುಖ ಅರಳಿತು. "ಇದನ್ನ ನಿನಗೆ ಯಾರಮ್ಮ ಕಲಿಸಿದ್ದು?"

ಅವಳು ಕೊನೆಯ ಬೆಂಚಿನ ಕಡೆ ಕೈ ತೋರಿಸಿದಳು. "ನಮ್ ಮೇಷ್ಟ್ರು."

ಜನ ತಿರುಗಿ ನೋಡಿ ಚಪ್ಪಾಳೆ ಹೊಡೆದರು. ಎದ್ದು ನಿಲ್ಲಿ, ಎದ್ದು ನಿಲ್ಲಿ ಎಂದು ಪಕ್ಕದವರು ಮೇಷ್ಟ್ರ ತೋಳು ಹಿಡಿದು ಎಬ್ಬಿಸಿದರು. ನಿಂತರು. ಚಪ್ಪಾಳೆ ನಿಲ್ಲುವವರೆಗೂ ಕೈ ಮುಗಿದುಕೊಂಡೇ ನಿಂತಿದ್ದರು. ಮೊದಲನೇ ಬಹುಮಾನ ಆ ವರ್ಷ ಬಂತು.

ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಅವ್ವನ ಜೊತೆ ಕೂರಲು ಬೇಕಾದಷ್ಟು ಹೊತ್ತು ಸಿಕ್ಕಿತು. ಆದರೆ ಅವ್ವ ಬೇರೆಯಾಗಿದ್ದಳು. ಮುಂದಿನ ಮಾರ್ನೋಮಿಗೆ ಪಾಯಸ ಮಾಡಲಿಲ್ಲ. ವಿಮಲಮ್ಮ ನೆನಪಿಸಿದರೆ, "ಅಲ್ಲಿ ಏನೈತೆ ಅಂತ ಹೋಗ್ಲಿ ಬಿಡವ್ವ," ಎಂದಳು. ಮೇಷ್ಟ್ರು ಬಾಯಿಬಿಟ್ಟು ಕೇಳಲು ಎಷ್ಟೋ ಸಲ ನೋಡಿದರು.

"ಅವ್ವ, ಹಾಲಮ್ಮ ಹೆಂಗಿದ್ಲು?"

"ರೊಟ್ಟಿ ಆರ್ತೈತೆ, ತಿನ್ನು."

ಅಷ್ಟೊಂದು ಮಕ್ಕಳಿಗೆ ಕೇಳುವುದನ್ನು ಕಲಿಸಿದ ಮನುಷ್ಯ ಅವ್ವನೆದುರು ಮುರಿದ ರೊಟ್ಟಿ ಹಿಡಿದು ಕೂತಿರುತ್ತಿದ್ದರು. ಅವ್ವ ಸುಮ್ಮನಾದರೆ ಅವರೂ ಸುಮ್ಮನಿರುತ್ತಿದ್ದರು. ಆ ಮೌನದಿಂದ ಏನೂ ಹೊರಗೆ ಬರಲಿಲ್ಲ. ಎಂಬತ್ಮೂರರ ಬೇಸಿಗೆಯಲ್ಲಿ ಭಾಗಮ್ಮ ತೀರಿಕೊಂಡಳು.

ಮಣ್ಣಿಗೆ ಬಂದ ಕರಿಯಮ್ಮನನ್ನು ಮೇಷ್ಟ್ರು ಪಕ್ಕಕ್ಕೆ ಕರೆದು ಕೇಳಿದರು. "ನಂಗೆ ಮುಖ ನೆಪ್ಪಿಲ್ಲ ಕಣಪ್ಪಾ," ಎಂದು ಅವಳು ಅತ್ತಳು. "ನಾನೂ ಆವಾಗ ಎಳೇದು. ಒಟ್ಟಿಗೆ ಆಡ್ತಿದ್ವಿ ಅನ್ನೋದೊಂದೇ ನೆಪ್ಪು."

ಇನ್ನು ಉಳಿದವಳು ಪಂಕಜಾಕ್ಷಿ ಒಬ್ಬಳೇ. ಅವಳು ಟ್ರೈನಿಂಗ್ ಮುಗಿಸಿ ತರೀಕೆರೆ ಹತ್ತಿರದ ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದಳು. ಮರುವರ್ಷ ಮೇಷ್ಟ್ರು ಅಲ್ಲಿಗೆ ಹೋದರು. ಶಾಲೆಯ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ತಾತಂದಿರ ಹತ್ತಿರ ಹೇಗೆ ಮಾತಾಡಬೇಕು ಎಂದು ಹೇಳಿಕೊಡುತ್ತಿದ್ದವಳು ಇವರನ್ನು ಕಂಡು ಓಡಿಬಂದು ಕಾಲಿಗೆರಗಿದಳು. ಮಕ್ಕಳನ್ನು ಆಟಕ್ಕೆ ಬಿಟ್ಟಳು.

"ಒಂದು ಕೇಳಾಕೆ ಬಂದೆ ಮಗಾ. ಹೆಂಗೆ ಸತ್ಲು ಅಂತಲ್ಲ, ಅದನ್ನ ನಾನೇ ಓದಿದ್ದೀನಿ. ನಮ್ಮಕ್ಕ ಹೆಂಗಿದ್ಲು? ಅವ್ವ ಏನಂದ್ಲು?"

ಪಂಕಜಾಕ್ಷಿ ಕೈಯಲ್ಲಿದ್ದ ಪುಸ್ತಕ ಮುಚ್ಚಿ ಕಟ್ಟೆಯ ಮೇಲಿಟ್ಟಳು.

"ಆ ಹಾಳೆ ಸುಟ್ ದಿನ ಅಜ್ಜಿ ನನ್ ಕೈ ಹಿಡ್ಕಂಡು ಮಾತು ತಗಂಡ್ರು ಸಾರ್. 'ಅವನಿಗೆ ಬ್ಯಾಡಾಗಿ ಹೊಡ್ದಾಕವ್ನೆ. ಇನ್ನು ಅವನು ಕೇಳಿದ್ರೂ ಹೇಳ್ಬ್ಯಾಡ. ನನ್ ಮಗಳು ನನ್ ತಾವೇ ಇರ್ಲಿ' ಅಂದ್ರು."

ಪಂಕಜಾಕ್ಷಿ ಕಣ್ಣೊರೆಸಿಕೊಂಡಳು.

"ಆದ್ರೆ ನೀವು ಹೇಳು ಅಂದ್ರೆ ಹೇಳ್ತೀನಿ. ಒಂದು ಅಕ್ಷರ ಮರ್ತಿಲ್ಲ ಸಾರ್. ಹೇಳ್ಲಾ?"

ಹುಡುಗಿಯ ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು. ಬಣ್ಣವೋ, ಜಡೆಯೋ, ನಗುವೋ, ಏನಾದರೂ. ಮೇಷ್ಟ್ರ ತುಟಿ ಅಲುಗಿತು.

"ಅವ್ವ ಬ್ಯಾಡ ಅಂದವ್ಳೆ," ಎಂದರು ಕೊನೆಗೆ. "ಬ್ಯಾಡ ಬಿಡು. ಈ ಸಲನಾದ್ರೂ ಅವಳ ಮಾತು ಕೇಳ್ತೀನಿ."

ಬಸ್ಸು ಬರುವವರೆಗೂ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಪಂಕಜಾಕ್ಷಿಯ ಮದುವೆಯ ಮಾತು, ಈ ಸಲ ಕಾಯಿಗೆ ಬಂದ ಬೆಲೆಯ ಮಾತು ಆಡಿದರು. ಬಸ್ಸು ಬಂತು.

ಪಕ್ಕದ ಸೀಟಿನಲ್ಲಿ ತಂಗಿಯ ಊರಿಗೆ ಹೊರಟಿದ್ದ ಹೆಂಗಸೊಬ್ಬಳು ಕೂತಳು. ಕೂತವಳೇ ಮಾತು ಶುರು ಮಾಡಿದಳು. ತಂಗಿಗೆ ಮೂರನೇ ಹೆರಿಗೆ, ಗಂಡು ಎಂದು ಜೋಯಿಸರು ಹೇಳಿದ್ದಾರೆ, ತಾನು ಬಾಣಂತನಕ್ಕೆ ಹೊರಟಿದ್ದೇನೆ.

"ನಿಮ್ಗೆ ಅಕ್ಕತಂಗೀರು ಇಲ್ವೇನಪ್ಪಾ?"

"ಒಬ್ಳು ಅಕ್ಕ."

"ಯಾವೂರಿಗೆ ಕೊಟ್ಟಿರೋದು?"

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಅಲುಗುವುದನ್ನು ಕಂಡು ಆಕೆ ಮತ್ತೆ ಏನೂ ಕೇಳಲಿಲ್ಲ. ಚೀಲದಲ್ಲಿ ಕೈಯಾಡಿಸಿ, ತಂಗಿಗೆಂದು ತಂದಿದ್ದ ಬಾಳೆಹಣ್ಣಿನಲ್ಲಿ ಒಂದನ್ನು ಮುರಿದು ಅವರ ಕೈಯಲ್ಲಿಟ್ಟಳು.